ಎಲೆಕ್ಟ್ರಾನನ್ನು ಒಂದು ಸುತ್ತು ತಿರುಗಿಸಿದರೆ ಏನಾಗುತ್ತೆ?

ಓದುಗರ ಪ್ರಶ್ನೆ: "ನಾನು ಫಿಸಿಕ್ಸ್ ಎಂಎಸ್ಸಿ ಮೊದಲ ವರ್ಷದಲ್ಲಿದ್ದೇನೆ. ಕ್ಲಾಸಿನಲ್ಲಿ ಸ್ಪಿನ್ ಶುರುವಾದಾಗಿನಿಂದ ತಲೆ ಕೆಟ್ಟುಹೋಗಿದೆ. ಮೊದಲು ಎಲೆಕ್ಟ್ರಾನ್ ಬುಗುರಿ ಥರ ತನ್ನ ಸುತ್ತ ತಾನೇ ತಿರುಗುತ್ತೆ ಅಂದರು. ಆಮೇಲೆ ತಿರುಗಲ್ಲ, ಸ್ಪಿನ್ ಬರೀ ಒಂದು ಕ್ವಾಂಟಂ ಸಂಖ್ಯೆ ಅಂದರು. ಈಗ 360 ಡಿಗ್ರಿ ತಿರುಗಿಸಿದರೆ ಎಲೆಕ್ಟ್ರಾನ್ ಮೊದಲಿನಂತೆ ಆಗಲ್ಲ, 720 ಡಿಗ್ರಿ ಬೇಕು ಅಂತಿದ್ದಾರೆ. ನಾವಿರುವ ಜಾಗದಲ್ಲಿ ತಿರುಗಿಸುವುದಕ್ಕೆ ಎಸ್‌ಓ(3) ಅನ್ನೋ ಗ್ರೂಪ್, ಅಂದರೆ ಮೂರು ಆಯಾಮದ ಎಲ್ಲಾ ತಿರುಗುಗಳ ಕೂಟ, ಸಾಕಲ್ವಾ? ಎಸ್‌ಯು(2) ಅನ್ನೋ ಎರಡು-ಎರಡರ ಮ್ಯಾಟ್ರಿಕ್ಸ್‌ಗಳ ಗ್ರೂಪ್ ಎಲ್ಲಿಂದ ಬಂತು? ಲೆಕ್ಕ ಕೂಡಿಬರಲಿ ಅಂತ ತಂದಿಟ್ಟ ಉಪಾಯವಾ? ಎಲೆಕ್ಟ್ರಾನ್ ಯಾಕೆ ಹೀಗೆ ಮಾಡುತ್ತೆ? ಗ್ರೂಪ್ ಥಿಯರಿ ಪೂರ್ತಿ ಕಲಿತುಕೊಂಡು ಆಮೇಲೆ ಇದಕ್ಕೆ ಕೈ ಹಾಕಬೇಕಾ?"

ಉತ್ತರ:

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ನಾಲ್ಕೈದು ಇವೆ, ಆದರೆ ಒಳಗಿರುವ ಅನುಮಾನ ಒಂದೇ: ಏನನ್ನೋ ಮುಚ್ಚಿಟ್ಟು ಪಾಠ ಮಾಡುತ್ತಿದ್ದಾರೆ ಅನ್ನೋದು. ನಾನು ವರ್ಷಗಟ್ಟಲೆ ಈ ಪಾಠ ಮಾಡಿದ್ದೇನೆ. ಗಮನ ಇಟ್ಟು ಕೇಳುವವರು ಸರಿಯಾಗಿ ಈ ಜಾಗಕ್ಕೆ ಬಂದೇ ನಿಲ್ಲುತ್ತಾರೆ. ಎಸ್‌ಯು(2) ಉಪಾಯ ಅಲ್ಲ. ಆದರೆ ಅದು ಎಲ್ಲಿಂದ ಬಂತು ಅಂತ ಹೇಳದೆ ಅದರ ಮ್ಯಾಟ್ರಿಕ್ಸ್‌ಗಳನ್ನು ಮಾತ್ರ ಕೈಗೆ ಕೊಟ್ಟರೆ ಉಪಾಯದ ಹಾಗೇ ಕಾಣುತ್ತೆ. ಅದು ನಿಮ್ಮ ತಪ್ಪಲ್ಲ.

ಮೊದಲು ಬುಗುರಿಯ ವಿಷಯ ಮುಗಿಸೋಣ. 1925ರಲ್ಲಿ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಅನ್ನೋ ಇಬ್ಬರು ಯುವಕರು ಎಲೆಕ್ಟ್ರಾನ್‌ಗೆ ತನ್ನದೇ ಆದ ತಿರುಗು ಇದೆ ಅಂತ ಹೇಳಿದಾಗ ಅವರ ಮನಸ್ಸಿನಲ್ಲೂ ಇದ್ದದ್ದು ಬುಗುರಿಯೇ. ಹಿರಿಯರಾದ ಲೊರೆಂಟ್ಸ್ ಲೆಕ್ಕ ಹಾಕಿ, ಇದು ಸಾಧ್ಯವಿಲ್ಲ, ಮೇಲ್ಮೈ ಬೆಳಕಿಗಿಂತ ವೇಗವಾಗಿ ಓಡಬೇಕಾಗುತ್ತೆ ಅಂದರು. ನೀವೂ ಒಂದು ಕಾಗದದಲ್ಲಿ ಹಾಕಿ ನೋಡಿ. ಎಲೆಕ್ಟ್ರಾನನ್ನು ಗಟ್ಟಿ ಗುಂಡು ಅಂದುಕೊಳ್ಳಿ, ಹಳೆಯ ಲೆಕ್ಕದ ತ್ರಿಜ್ಯ ಸುಮಾರು 2.8 ಫೆಮ್ಟೋಮೀಟರ್ ತೆಗೆದುಕೊಳ್ಳಿ, ಕೋನೀಯ ಸಂವೇಗ (ತಿರುಗುವಿಕೆಯ ಅಳತೆ) ಎಚ್-ಬಾರ್‌ನ, ಅಂದರೆ ಪ್ಲಾಂಕ್ ಸ್ಥಿರಾಂಕವನ್ನು 2πರಿಂದ ಭಾಗಿಸಿದ್ದರ, ಅರ್ಧ ಆಗಬೇಕು. ನಡುಸುತ್ತಿನ ವೇಗ ಬೆಳಕಿನ ವೇಗದ ಸುಮಾರು 170 ಪಟ್ಟು ಬರುತ್ತೆ. ಸಾಲದ್ದಕ್ಕೆ ಪ್ರಯೋಗಗಳಲ್ಲಿ ಎಲೆಕ್ಟ್ರಾನ್‌ಗೆ ಇಂಥ ಗಾತ್ರವೇ ಸಿಕ್ಕಿಲ್ಲ, ಗಾತ್ರ ಇನ್ನೂ ಚಿಕ್ಕದಾದರೆ ವೇಗ ಇನ್ನೂ ಜಾಸ್ತಿ ಆಗುತ್ತೆ. ಹಾಗಾಗಿ ಬುಗುರಿ ಬೇಡ.

ಆದರೆ "ಬರೀ ಒಂದು ಸಂಖ್ಯೆ" ಅನ್ನೋದೂ ತಪ್ಪು, ನನ್ನ ಮಟ್ಟಿಗೆ ಇದು ಇನ್ನೂ ದೊಡ್ಡ ತಪ್ಪು. 1915ರಲ್ಲಿ ಐನ್‌ಸ್ಟೈನ್ ಮತ್ತು ಡಿ ಹಾಸ್ ಒಂದು ಕಬ್ಬಿಣದ ಕಡ್ಡಿಯನ್ನು ದಾರದಲ್ಲಿ ತೂಗುಹಾಕಿ ಅದರ ಕಾಂತತ್ವದ ದಿಕ್ಕನ್ನು ತಿರುವುಮುರುವು ಮಾಡಿದರು. ಕಡ್ಡಿ ನಿಜಕ್ಕೂ ತಿರುಗಿತು. ಆಗ ಸ್ಪಿನ್ ಅನ್ನೋ ಮಾತೇ ಹುಟ್ಟಿರಲಿಲ್ಲ. ಕಬ್ಬಿಣದ ಕಾಂತತ್ವದಲ್ಲಿ ಹೆಚ್ಚಿನ ಪಾಲು ಎಲೆಕ್ಟ್ರಾನ್ ಸ್ಪಿನ್‌ನದು ಅಂತ ಗೊತ್ತಾದದ್ದು ಆಮೇಲೆ. ಸ್ಪಿನ್‌ಗಳು ಮಗುಚಿಕೊಂಡಾಗ ಕೋನೀಯ ಸಂವೇಗದ ಲೆಕ್ಕ ಸರಿದೂಗಿಸಲು ಇಡೀ ಕಡ್ಡಿಯೇ ತಿರುಗಬೇಕಾಯಿತು. ಬರೀ ಹೆಸರಿಗೆ ಇರುವ ಸಂಖ್ಯೆ ಕಬ್ಬಿಣವನ್ನು ತಿರುಗಿಸುತ್ತಾ? ಸ್ಪಿನ್ ಅನ್ನೋದು ಅಪ್ಪಟ ಕೋನೀಯ ಸಂವೇಗ. ಅದನ್ನು ಹೊತ್ತುಕೊಳ್ಳಲು ಒಳಗೆ ಯಾವುದೋ ಗುಂಡು ತಿರುಗುತ್ತಿರಬೇಕು ಅನ್ನೋದು ಮಾತ್ರ ನಮ್ಮ ಹಳೆಯ ಅಭ್ಯಾಸ.

ಹಾಗಾದರೆ ಕೋನೀಯ ಸಂವೇಗ ಅಂದರೆ ಏನು? ಇಲ್ಲಿಂದಲೇ ಗ್ರೂಪ್ ಬರುತ್ತೆ. ಕ್ವಾಂಟಂನಲ್ಲಿ ಕೋನೀಯ ಸಂವೇಗ ಅಂದರೆ "ಇದನ್ನು ಸ್ವಲ್ಪ ತಿರುಗಿಸಿದರೆ ಇದರ ಸ್ಥಿತಿ ಹೇಗೆ ಬದಲಾಗುತ್ತೆ" ಅನ್ನೋ ಪ್ರಶ್ನೆಯ ಉತ್ತರ. ವಸ್ತು ತಿರುಗುತ್ತಿದೆಯಾ ಅಂತ ಕೇಳುತ್ತಿಲ್ಲ, ನಾವು ತಿರುಗಿಸಿದಾಗ ಅದು ಏನು ಮಾಡುತ್ತೆ ಅಂತ ಕೇಳುತ್ತಿದ್ದೇವೆ. ಈ ವ್ಯತ್ಯಾಸದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ, ಅವಸರ ಬೇಡ.

ಈಗ ಒಂದು ಪುಸ್ತಕ ತೆಗೆದುಕೊಂಡು ಮೇಜಿನ ಮೇಲಿಡಿ. ಇದ್ದ ಜಾಗದಲ್ಲೇ ಗಡಿಯಾರದ ಮುಳ್ಳಿನ ಹಾಗೆ 90 ಡಿಗ್ರಿ ತಿರುಗಿಸಿ, ಆಮೇಲೆ ನಿಮ್ಮ ಕಡೆಗೆ 90 ಡಿಗ್ರಿ ಎತ್ತಿ ನಿಲ್ಲಿಸಿ. ಎಲ್ಲಿಗೆ ಬಂತು ನೋಡಿಕೊಳ್ಳಿ. ಮತ್ತೆ ಮೊದಲಿನಂತೆ ಇಟ್ಟು ಇದೇ ಎರಡನ್ನು ಹಿಂದುಮುಂದು ಮಾಡಿ. ಪುಸ್ತಕ ಬೇರೆ ರೀತಿ ನಿಲ್ಲುತ್ತೆ. ಅಂದರೆ ತಿರುಗಿಸುವ ಕ್ರಮ ಮುಖ್ಯ. ತೀರಾ ಚಿಕ್ಕ ಕೋನಗಳಲ್ಲಿ ಇದೇ ಕೆಲಸ ಮಾಡಿದರೆ, ಎರಡು ಕ್ರಮಗಳ ನಡುವಿನ ವ್ಯತ್ಯಾಸವೇ ಮೂರನೇ ಅಕ್ಷದ ಸುತ್ತ ಒಂದು ಪುಟ್ಟ ತಿರುಗು ಆಗಿರುತ್ತೆ. ನಿಮ್ಮ ನೋಟ್ಸಿನಲ್ಲಿರುವ ಕಮ್ಯುಟೇಟರ್ ಸೂತ್ರ, ಅಂದರೆ ಎಕ್ಸ್ ಮತ್ತು ವೈ ಘಟಕಗಳನ್ನು ಅದಲುಬದಲು ಮಾಡಿದಾಗ ಝಡ್ ಘಟಕ ಉಳಿಯುತ್ತೆ ಅನ್ನೋದು, ಇದನ್ನೇ ಹೇಳುತ್ತಿದೆ. ಕ್ವಾಂಟಂನ ನಿಗೂಢ ಏನೂ ಅಲ್ಲ, ಪುಸ್ತಕಕ್ಕೂ ಅದೇ ನಿಯಮ. ಎಚ್-ಬಾರ್ ಮತ್ತು ಆ ಕಾಲ್ಪನಿಕ ಸಂಖ್ಯೆ ಐ ಮಾತ್ರ ಕ್ವಾಂಟಂನವು.

ಈ ಸೂತ್ರದಿಂದ ಬೀಜಗಣಿತ ಮಾಡುತ್ತಾ ಹೋದರೆ ಸ್ಪಿನ್ 0, 1/2, 1, 3/2 ಹೀಗೆ ಬರುತ್ತೆ. ಸ್ಪಿನ್ ಜೆ ಆದರೆ ಸ್ಥಿತಿಗಳ ಸಂಖ್ಯೆ ಎರಡು ಜೆ ಕೂಡಿಸು ಒಂದು. ಪೂರ್ಣಾಂಕ ಸ್ಪಿನ್‌ಗೆ 1, 3, 5 ಹೀಗೆ ಬೆಸ ಸಂಖ್ಯೆಯೇ ಬರಬೇಕು. 1922ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಸ್ಟರ್ನ್ ಮತ್ತು ಗೆರ್ಲಾಕ್ ಬೆಳ್ಳಿಯ ಪರಮಾಣುಗಳನ್ನು ಏರುಪೇರಾದ ಕಾಂತಕ್ಷೇತ್ರದ ಮೂಲಕ ಹಾಯಿಸಿದಾಗ ಅವು ಎರಡಾಗಿ ಒಡೆದವು. ಎರಡು! ಸಮಸಂಖ್ಯೆ! ಅವರು ಹುಡುಕುತ್ತಿದ್ದದ್ದು ಸ್ಪಿನ್ ಅಲ್ಲ, ಹಳೆಯ ಕ್ವಾಂಟಂ ಸಿದ್ಧಾಂತದ ಕಕ್ಷೆಗಳನ್ನು. ಬೆಳ್ಳಿಯ ಹೊರಗಿನ ಎಲೆಕ್ಟ್ರಾನ್‌ಗೆ ಕಕ್ಷೆಯ ಕೋನೀಯ ಸಂವೇಗ ಸೊನ್ನೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಆ ಗಾಜಿನ ತಟ್ಟೆಯ ಮೇಲಿನ ಎರಡು ಗುರುತುಗಳು ಅರ್ಧ ಸ್ಪಿನ್‌ನ ಸಾಕ್ಷಿ ಅಂತ ಅರ್ಥವಾಗಲು ಇನ್ನೂ ಕೆಲವು ವರ್ಷ ಬೇಕಾಯಿತು. ಭೌತಶಾಸ್ತ್ರದ ಇತಿಹಾಸದಲ್ಲಿ ನನಗೆ ತುಂಬಾ ಇಷ್ಟವಾದ ಘಟನೆ ಇದು. ಉತ್ತರ ಎದುರಿಗೇ ಇತ್ತು, ಅದು ಯಾವ ಪ್ರಶ್ನೆಯ ಉತ್ತರ ಅಂತ ತಿಳಿದಿರಲಿಲ್ಲ.

ಸರಿ, ಈಗ ನಿಮ್ಮ ಮುಖ್ಯ ಪ್ರಶ್ನೆ. ಎಸ್‌ಓ(3)ರಲ್ಲಿ 360 ಡಿಗ್ರಿ ತಿರುಗಿಸುವುದೂ ಒಂದೇ, ಸುಮ್ನೆ ಇರುವುದೂ ಒಂದೇ. ಕಕ್ಷೆಯ ಕೋನೀಯ ಸಂವೇಗದಲ್ಲಿ ಇದು ಹಾಗೇ ನಡೆಯುತ್ತೆ, ಯಾಕೆಂದರೆ ಜಾಗದ ಪ್ರತಿಯೊಂದು ಬಿಂದುವೂ 360 ಡಿಗ್ರಿ ಆದಮೇಲೆ ತನ್ನ ಮೇಲೆ ತಾನೇ ಬಂದು ಕೂರುತ್ತೆ, ಅದರ ಮೇಲೆ ಬರೆದ ಅಲೆಯೂ ಮೊದಲಿನಂತಾಗಲೇಬೇಕು. ಅದಕ್ಕೇ ಅಲ್ಲಿ ಪೂರ್ಣಾಂಕ ಮಾತ್ರ. ಅರ್ಧಕ್ಕೆ ಬಾಗಿಲು ತೆರೆದದ್ದು ಬೇರೆ ಒಂದು ವಿಷಯ: ಇಡೀ ಕ್ವಾಂಟಂ ಸ್ಥಿತಿಗೆ ತಗಲುವ ಫೇಸ್, ಅಂದರೆ ಉದ್ದ ಒಂದು ಇರುವ ಗುಣಕ, ಲೆಕ್ಕಕ್ಕಿಲ್ಲ. ಇಡೀ ಸ್ಥಿತಿಯನ್ನು -1ರಿಂದ ಗುಣಿಸಿದರೆ ಯಾವ ಪ್ರಯೋಗದ ಫಲಿತಾಂಶವೂ ಬದಲಾಗಲ್ಲ, ಸಂಭವನೀಯತೆ ವರ್ಗದಿಂದ ಬರುತ್ತೆ. ಹಾಗಾಗಿ 360 ಡಿಗ್ರಿ ತಿರುಗಿಸಿದ ಮೇಲೆ ಸ್ಥಿತಿ ಅಕ್ಷರಶಃ ಅದೇ ಆಗಬೇಕು ಅಂತ ಪ್ರಕೃತಿಯನ್ನು ಕೇಳುವ ಹಕ್ಕು ನಮಗಿಲ್ಲ. ಒಂದು ಫೇಸ್‌ನ ವ್ಯತ್ಯಾಸ ಇದ್ದರೂ ನಡೆಯುತ್ತೆ.

ಹಾಗಾದರೆ ಯಾವ ಫೇಸ್ ಬೇಕಾದರೂ ಬರಬಹುದಾ? ಇಲ್ಲ. ಈ "ಇಲ್ಲ"ದಲ್ಲೇ ಇಡೀ ಸೊಗಸು ಇರೋದು.

ಒಂದು ಲೋಟದಲ್ಲಿ ನೀರು ತುಂಬಿ ಅಂಗೈ ಮೇಲೆ ಇಟ್ಟುಕೊಳ್ಳಿ. ಲೋಟ ನೆಟ್ಟಗೇ ಇರುವಂತೆ ಕೈಯನ್ನು ಕಂಕುಳ ಕೆಳಗಿಂದ ಒಳಗೆ ತಂದು ಪೂರ್ತಿ ಒಂದು ಸುತ್ತು ತಿರುಗಿಸಿ. ಲೋಟ ಮೊದಲಿನಂತೆ ಇದೆ, ಆದರೆ ಕೈ ತಿರುಚಿಕೊಂಡಿದೆ, ಮೊಣಕೈ ಮೇಲೆ ನೋಡುತ್ತಿದೆ. ಈಗ ಅದೇ ದಿಕ್ಕಿನಲ್ಲಿ, ಈ ಸಲ ತಲೆಯ ಮೇಲಿಂದ, ಇನ್ನೊಂದು ಸುತ್ತು ತಿರುಗಿಸಿ. ಹಿಂದಕ್ಕೆ ತಿರುಗಿಸಲಿಲ್ಲ, ಮುಂದಕ್ಕೇ ಹೋದಿರಿ. ಆದರೂ ತಿರುಚು ಬಿಟ್ಟುಹೋಯಿತು! ದಯವಿಟ್ಟು ಇದನ್ನು ಓದಿ ಬಿಡಬೇಡಿ, ಎದ್ದು ಮಾಡಿ ನೋಡಿ. ನೀರು ಚೆಲ್ಲಿದರೂ ಪರವಾಗಿಲ್ಲ.

ಇದನ್ನೇ ಗಣಿತದಲ್ಲಿ ಹೇಳೋಣ. ಎಲ್ಲಾ ತಿರುಗುಗಳನ್ನೂ ಒಂದು ಗುಂಡಿನ ಒಳಗೆ ಬರೆಯಬಹುದು. ಕೇಂದ್ರದಿಂದ ಯಾವ ದಿಕ್ಕಿಗೆ ಹೋದಿರೋ ಅದು ಅಕ್ಷ, ಎಷ್ಟು ದೂರ ಹೋದಿರೋ ಅದು ಕೋನ, ಗುಂಡಿನ ಅಂಚು ಅಂದರೆ 180 ಡಿಗ್ರಿ. ಒಂದು ಅಕ್ಷದ ಸುತ್ತ 180 ಡಿಗ್ರಿ ಈ ಕಡೆಯಿಂದ ತಿರುಗಿಸಿದರೂ ಆ ಕಡೆಯಿಂದ ತಿರುಗಿಸಿದರೂ ಒಂದೇ ಅಲ್ವಾ, ಹಾಗಾಗಿ ಅಂಚಿನ ಮೇಲೆ ಎದುರುಬದುರಾಗಿರುವ ಬಿಂದುಗಳು ಒಂದೇ ಬಿಂದು. ಕೇಂದ್ರದಿಂದ ಹೊರಟು ಅಂಚು ಮುಟ್ಟಿ, ಎದುರು ಅಂಚಿನಿಂದ ಒಳಗೆ ಬಂದು, ಮತ್ತೆ ಕೇಂದ್ರ ಸೇರಿದರೆ ಅದು 360 ಡಿಗ್ರಿಯ ಕುಣಿಕೆ. ಇದನ್ನು ಎಷ್ಟು ಎಳೆದಾಡಿದರೂ ಒಂದು ಬಿಂದುವಿಗೆ ಕುಗ್ಗಿಸಲು ಆಗಲ್ಲ, ಅಂಚಿನ ಒಂದು ಬಿಂದು ಜರುಗಿದರೆ ಅದರ ಎದುರಿನದೂ ಜರುಗುತ್ತೆ. ಆದರೆ ಇದೇ ಕುಣಿಕೆಯನ್ನು ಎರಡು ಸಲ ಸುತ್ತಿದರೆ ಕುಗ್ಗಿಸಬಹುದು. ನಿಮ್ಮ ಕೈ ಮಾಡಿದ್ದು ಅದನ್ನೇ.

ಈಗ ಎರಡನ್ನೂ ಸೇರಿಸಿ. 720 ಡಿಗ್ರಿಯ ಕುಣಿಕೆ ಕುಗ್ಗಿ ಬಿಂದುವಾಗುತ್ತೆ, ಅಂದರೆ ಏನೂ ತಿರುಗಿಸದೆ ಇದ್ದದ್ದಕ್ಕೆ ಸಮ, ಹಾಗಾಗಿ ಅದರ ಫೇಸ್ 1 ಆಗಲೇಬೇಕು. ಅದು 360 ಡಿಗ್ರಿಯ ಫೇಸ್‌ನ ವರ್ಗ. ವರ್ಗ 1 ಆಗುವ ಸಂಖ್ಯೆಗಳು ಎರಡೇ: 1 ಮತ್ತು -1. ಮುಗಿಯಿತು. ಪೂರ್ಣಾಂಕ ಸ್ಪಿನ್‌ನವು ಮೊದಲನೆಯ ಗುಂಪು, ಅರ್ಧದವು ಎರಡನೆಯದು, ಮೂರನೆಯದಕ್ಕೆ ಜಾಗವೇ ಇಲ್ಲ. ಇಂಥ ಫೇಸ್‌ಗಳ ಲೆಕ್ಕವನ್ನು 1930ರ ದಶಕದಲ್ಲಿ ವಿಗ್ನರ್, ಆಮೇಲೆ 1954ರಲ್ಲಿ ಬಾರ್ಗ್‌ಮನ್ ಪಕ್ಕಾ ಮಾಡಿದರು. ಸ್ಪಿನ್‌ನ ಆ "ಅರ್ಧ" ಎಲೆಕ್ಟ್ರಾನ್‌ನ ಹೊಟ್ಟೆಯೊಳಗೆ ಅಡಗಿದ ಯಾವುದೋ ಯಂತ್ರದಿಂದ ಬಂದದ್ದಲ್ಲ. ಮೂರು ಆಯಾಮದ ಜಾಗದಲ್ಲಿ ತಿರುಗುವುದಕ್ಕೆ ಇರುವ ಆಕಾರದಿಂದ ಬಂದದ್ದು. ಎರಡೇ ಆಯಾಮದ ಸಮತಲದಲ್ಲಿ ಕುಣಿಕೆ ಎಷ್ಟು ಸುತ್ತಿದರೂ ಕುಗ್ಗಲ್ಲ. ಅಲ್ಲಿ ಬೇರೆ ಫೇಸ್‌ಗಳಿಗೂ ದಾರಿ ಇದೆ, ಅಂಥವಕ್ಕೆ 1982ರಲ್ಲಿ ವಿಲ್ಚೆಕ್ ಎನಿಯಾನ್ ಅಂತ ಹೆಸರಿಟ್ಟರು.

ಎಸ್‌ಯು(2) ಅಂದರೆ ಈ ಕುಣಿಕೆಯ ನೆನಪನ್ನು ಇಟ್ಟುಕೊಂಡ ಗ್ರೂಪ್, ಅಷ್ಟೇ. ನೀವು ಎಲ್ಲಿಗೆ ಬಂದು ಮುಟ್ಟಿದಿರಿ ಅಂತ ಮಾತ್ರ ಎಸ್‌ಓ(3) ಹೇಳುತ್ತೆ. ಎರಡು ಬಗೆಯ ದಾರಿಯಲ್ಲಿ ಯಾವುದರಿಂದ ಬಂದಿರಿ ಅನ್ನೋದನ್ನೂ ಎಸ್‌ಯು(2) ಹೇಳುತ್ತೆ. ಹಾಗಾಗಿ ಪ್ರತಿ ತಿರುಗಿಗೂ ಅದರಲ್ಲಿ ಎರಡು ಮ್ಯಾಟ್ರಿಕ್ಸ್, ಒಂದು ಇನ್ನೊಂದರ ಮೈನಸ್. ಇದು ಕ್ವಾಂಟಂಗೆ ಅಂತ ಹುಟ್ಟಿದ್ದೂ ಅಲ್ಲ. 1843ರಲ್ಲಿ ಹ್ಯಾಮಿಲ್ಟನ್ ಕಂಡುಕೊಂಡ ಕ್ವಾಟರ್ನಿಯನ್ ಸಂಖ್ಯೆಗಳಲ್ಲಿ ಉದ್ದ ಒಂದು ಇರುವವನ್ನು ಆರಿಸಿಕೊಂಡರೆ ಸಿಗುವುದು ಇದೇ ಗ್ರೂಪ್. ಇವತ್ತು ಉಪಗ್ರಹದ ದಿಕ್ಕು ಹಿಡಿಯಲು, ಕಂಪ್ಯೂಟರ್ ಗೇಮಿನಲ್ಲಿ ಕ್ಯಾಮೆರಾ ತಿರುಗಿಸಲು ಅದೇ ಸಂಖ್ಯೆಗಳನ್ನು ಬಳಸುತ್ತಾರೆ, ಅಲ್ಲೂ ಸೂತ್ರದಲ್ಲಿ ಅರ್ಧ ಕೋನವೇ ಬರುತ್ತೆ.

"ಫೇಸ್ ಲೆಕ್ಕಕ್ಕಿಲ್ಲ ಅಂದಮೇಲೆ ಆ -1 ಇದ್ದರೆಷ್ಟು ಬಿಟ್ಟರೆಷ್ಟು" ಅಂತ ಈಗ ನೀವು ಕೇಳಬೇಕು. ಇಡೀ ಎಲೆಕ್ಟ್ರಾನನ್ನು ತಿರುಗಿಸಿದರೆ ನಿಜಕ್ಕೂ ಏನೂ ಕಾಣಲ್ಲ. "ಎಲೆಕ್ಟ್ರಾನ್ ನೋಡಲು ಬೇರೆ ಥರ ಆಗುತ್ತೆ" ಅನ್ನೋ ಮಾತು ಅದಕ್ಕೇ ದಾರಿ ತಪ್ಪಿಸುತ್ತೆ. ಆದರೆ ಒಂದೇ ಕಣದ ಅಲೆಯನ್ನು ಎರಡು ದಾರಿಯಾಗಿ ಒಡೆದು, ಒಂದು ದಾರಿಯಲ್ಲಿ ಮಾತ್ರ ಸ್ಪಿನ್ ತಿರುಗಿಸಿ, ಮತ್ತೆ ಸೇರಿಸಿದರೆ ಆ ಮೈನಸ್ ಕಾಣಲೇಬೇಕು. 1975ರಲ್ಲಿ ಯುರೋಪಿನಲ್ಲಿ ರೌಖ್ ತಂಡ, ಅಮೆರಿಕದಲ್ಲಿ ವರ್ನರ್, ಕೊಲೆಲಾ ಮತ್ತು ಓವರ್‌ಹೌಸರ್ ನ್ಯೂಟ್ರಾನ್‌ಗಳಲ್ಲಿ ಇದನ್ನು ಮಾಡಿದರು. ಸಿಲಿಕಾನ್ ಹರಳಿನಿಂದ ನ್ಯೂಟ್ರಾನ್ ಅಲೆಯನ್ನು ಎರಡು ಮಾಡಿ, ಒಂದು ಕಡೆ ಕಾಂತಕ್ಷೇತ್ರ ಇಟ್ಟರು. 360 ಡಿಗ್ರಿಯಲ್ಲಿ ಎರಡು ಅಲೆಗಳ ಸಂಬಂಧ ತಲೆಕೆಳಗಾಯಿತು, ಕೂಡಿಕೊಳ್ಳುತ್ತಿದ್ದ ಜಾಗದಲ್ಲಿ ಕಳೆದುಕೊಂಡವು. 720ರಲ್ಲಿ ಮೊದಲಿನಂತಾಯಿತು. ನಿಮ್ಮ 720 ಡಿಗ್ರಿಯ ಅರ್ಥ ಇದು. ಅಳೆದು ನೋಡಿದ ಸಂಗತಿ.

ಇನ್ನೊಂದು ತಪ್ಪು ತಿಳಿವಳಿಕೆ ನಿಮ್ಮ ಕಿವಿಗೂ ಬೀಳುತ್ತೆ: ಸ್ಪಿನ್ ಸಾಪೇಕ್ಷತಾ ಸಿದ್ಧಾಂತದಿಂದ ಮಾತ್ರ ಬರುತ್ತೆ ಅನ್ನೋದು. ಎಲೆಕ್ಟ್ರಾನ್‌ಗೆ ಸಾಪೇಕ್ಷತೆಯನ್ನೂ ಸೇರಿಸಿ ಬರೆದ 1928ರ ಡಿರಾಕ್ ಸಮೀಕರಣದಲ್ಲಿ ಅದು ತಾನಾಗಿ ಬಂತು, ನಿಜ. ಆದರೆ ಮೇಲಿನ ವಾದದಲ್ಲಿ ನಾವು ಬೆಳಕಿನ ವೇಗವನ್ನು ಎಲ್ಲೂ ಬಳಸಲಿಲ್ಲ ನೋಡಿ, ತಿರುಗು ಮತ್ತು ಫೇಸ್ ಎರಡೇ ಸಾಕಾದವು. ಸಾಪೇಕ್ಷತೆ ಇಲ್ಲದೆಯೂ ಸ್ಪಿನ್ ಅರ್ಧದ ಕಣದ ಸಮೀಕರಣ ಬರೆಯಬಹುದು ಅಂತ 1967ರಲ್ಲಿ ಲೆವಿ-ಲೆಬ್ಲಾಂಡ್ ತೋರಿಸಿದರು.

ಈಗ ಓದುವ ದಾರಿ. ಗ್ರೂಪ್ ಥಿಯರಿ ಪೂರ್ತಿ ಮುಗಿಸಿ ಬರುತ್ತೇನೆ ಅನ್ನಬೇಡಿ. ಇಷ್ಟಪಟ್ಟು ಹಾಗೆ ಹೊರಟ ವಿದ್ಯಾರ್ಥಿಗಳನ್ನು ನೋಡಿದ್ದೇನೆ. ಒಂದು ಸೆಮಿಸ್ಟರ್ ಪೂರ್ತಿ ವ್ಯಾಖ್ಯೆಗಳಲ್ಲೇ ಕಳೆದು, ಒಂದು ಎಲೆಕ್ಟ್ರಾನನ್ನೂ ಕಾಣದೆ ಸುಸ್ತಾಗುತ್ತಾರೆ. ಹೆಚ್ಚಿನ ಸಿಲಬಸ್ಸಿನಲ್ಲಿರುವ ದಾರಿ ಕಮ್ಯುಟೇಟರ್ ಮತ್ತು ಸ್ಥಿತಿಯನ್ನು ಒಂದೊಂದೇ ಮೆಟ್ಟಿಲು ಏರಿಸಿ ಇಳಿಸುವ ಏಣಿ ಆಪರೇಟರ್‌ಗಳದು. ಪರೀಕ್ಷೆಗೆ ಅದು ಬೇಕೇ ಬೇಕು, ಬಿಡಬೇಡಿ. ಆದರೆ ಅದರ ಅಪಾಯ ಗೊತ್ತಿರಲಿ: ಚಿಕ್ಕ ತಿರುಗುಗಳ ಬೀಜಗಣಿತ ಎಸ್‌ಓ(3)ಕ್ಕೂ ಎಸ್‌ಯು(2)ಗೂ ಒಂದೇ. ಎರಡರ ನಡುವಿನ ವ್ಯತ್ಯಾಸ ಆ ದಾರಿಯಲ್ಲಿ ಕಾಣುವುದೇ ಇಲ್ಲ, ಅರ್ಧ ಅನ್ನೋದು ಆಕಾಶದಿಂದ ಬಿದ್ದ ಹಾಗೆ ಅನ್ನಿಸುತ್ತೆ. ನೀವು ಸಿಕ್ಕಿಬಿದ್ದದ್ದು ಇಲ್ಲೇ. ಇನ್ನು ಸ್ಟರ್ನ್-ಗೆರ್ಲಾಕ್ ಪ್ರಯೋಗ ಮತ್ತು ಪೌಲಿಯ ಎರಡು-ಎರಡರ ಮ್ಯಾಟ್ರಿಕ್ಸ್‌ಗಳಿಂದ ಶುರು ಮಾಡುವವರಿದ್ದಾರೆ. ಕೈಗೆ ಬೇಗ ಹತ್ತುತ್ತೆ, ಆದರೆ ತುಂಬಾ ಜನ ಅಲ್ಲೇ ಉಳಿದುಬಿಡುತ್ತಾರೆ, ಸ್ಪಿನ್ 1 ಬಂದರೆ ಮತ್ತೆ ಹೊಸದಾಗಿ ಹೆದರುತ್ತಾರೆ.

ನಾನಾದರೆ ಎರಡು-ಎರಡರ ಮ್ಯಾಟ್ರಿಕ್ಸ್‌ನಿಂದಲೇ ಶುರು ಮಾಡಿ ಅನ್ನುತ್ತೇನೆ, ಆದರೆ ಒಂದು ಲೆಕ್ಕವನ್ನು ಕೈಯಾರೆ ಪೂರ್ತಿ ಮಾಡಬೇಕು. ಝಡ್ ಅಕ್ಷದ ಸುತ್ತ ಒಂದು ಕೋನ ತಿರುಗಿಸಿದರೆ "ಮೇಲೆ" ಸ್ಥಿತಿಗೆ ಅರ್ಧ ಕೋನದ ಫೇಸ್ ಒಂದು ದಿಕ್ಕಿನಲ್ಲಿ ಬರುತ್ತೆ, "ಕೆಳಗೆ" ಸ್ಥಿತಿಗೆ ಅದೇ ಅರ್ಧ ಕೋನ ಎದುರು ದಿಕ್ಕಿನಲ್ಲಿ. ಎರಡನ್ನೂ ಸಮ ಸೇರಿಸಿ ಎಕ್ಸ್ ಕಡೆ ನೋಡುವ ಸ್ಥಿತಿ ಮಾಡಿ, ತಿರುಗಿಸಿ, ಸ್ಪಿನ್‌ನ ಸರಾಸರಿ ದಿಕ್ಕು ಕಂಡುಹಿಡಿಯಿರಿ. ಆ ಬಾಣ ಅರ್ಧ ಕೋನ ತಿರುಗಲ್ಲ, ಪೂರ್ತಿ ಕೋನವೇ ತಿರುಗುತ್ತೆ! ಎರಡು ಫೇಸ್‌ಗಳ ನಡುವಿನ ಅಂತರ ಪೂರ್ತಿ ಕೋನ ಅಲ್ವಾ, ಅದಕ್ಕೆ. ಜಾಗದಲ್ಲಿರುವ ಬಾಣ ಎಸ್‌ಓ(3)ರ ಮಾತು ಕೇಳುತ್ತೆ, ಅದರ ಹಿಂದಿರುವ ಸ್ಥಿತಿ ಎಸ್‌ಯು(2)ರದ್ದು. ಇದು ಒಮ್ಮೆ ಕೈಯಲ್ಲಿ ಬಂದರೆ ಲೋಟದ ಆಟ, ಗುಂಡಿನ ಚಿತ್ರ, ಏಣಿ ಆಪರೇಟರ್ ಎಲ್ಲಾ ಒಂದರ ಹಿಂದೆ ಒಂದು ಬರುತ್ತವೆ. ಗ್ರೂಪ್ ಥಿಯರಿ ಪುಸ್ತಕ ಆಮೇಲೆ ತೆರೆಯಿರಿ, ಆಗ ಪ್ರತಿ ವ್ಯಾಖ್ಯೆಯ ಹಿಂದೆ ಒಂದು ಉದಾಹರಣೆ ನಿಮ್ಮ ಹತ್ತಿರ ಇರುತ್ತೆ.

ಕೊನೆಗೆ, ಎಲೆಕ್ಟ್ರಾನ್ ಯಾಕೆ ಹೀಗೆ ಅಂತ ಕೇಳಿದ್ದೀರಿ. ಸಮ್ಮಿತಿ ಎರಡು ಬಾಗಿಲು ಮಾತ್ರ ತೋರಿಸುತ್ತೆ. ಯಾವ ಕಣ ಯಾವುದರಲ್ಲಿ ಹೋಗಿದೆ ಅನ್ನೋದು ಪ್ರಯೋಗದಿಂದಲೇ ಗೊತ್ತಾಗಬೇಕು. 2012ರಲ್ಲಿ ಸಿಕ್ಕ ಹಿಗ್ಸ್ ಕಣದ್ದು ಸ್ಪಿನ್ 0, ಎಲೆಕ್ಟ್ರಾನ್, ಪ್ರೋಟಾನ್, ನ್ಯೂಟ್ರಾನ್‌ಗಳದು ಅರ್ಧ. ಆದರೆ ಬಾಗಿಲು ಬೇರೆಯಾದರೆ ಬಾಳೇ ಬೇರೆಯಾಗುತ್ತೆ. ಹೀಲಿಯಂ-4 ಪರಮಾಣುವಿನಲ್ಲಿ ಅರ್ಧ ಸ್ಪಿನ್‌ನ ಕಣಗಳು ಆರು, ಆರು ಮೈನಸ್‌ಗಳನ್ನು ಗುಣಿಸಿದರೆ ಪ್ಲಸ್. ಹೀಲಿಯಂ-3ರಲ್ಲಿ ಒಂದು ನ್ಯೂಟ್ರಾನ್ ಕಮ್ಮಿ, ಐದು, ಹಾಗಾಗಿ ಮೈನಸ್. ಮೊದಲನೆಯದು ಸುಮಾರು 2.17 ಕೆಲ್ವಿನ್‌ನಲ್ಲೇ ಸ್ವಲ್ಪವೂ ತಡೆಯಿಲ್ಲದೆ ಹರಿಯಲು ಶುರು ಮಾಡುತ್ತೆ. ಎರಡನೆಯದನ್ನು ಒತ್ತಡ ಹಾಕಿ ಒಂದು ಕೆಲ್ವಿನ್‌ನ ಸಾವಿರದಲ್ಲಿ ಎರಡೂವರೆ ಭಾಗದವರೆಗೆ ತಂಪು ಮಾಡಬೇಕು, ಅದೂ ಪರಮಾಣುಗಳು ಎರಡೆರಡಾಗಿ ಜೋಡಿಯಾದ ಮೇಲೆ ಮಾತ್ರ ಹಾಗೆ ಹರಿಯುತ್ತೆ. ಜೋಡಿಯಾದರೆ ಮೈನಸ್ ಇಂಟು ಮೈನಸ್, ಪ್ಲಸ್.